ಅಲ್ಯೂಮಿನಿಯಂ ಬ್ಲಾಕಿಗೆ ಯಾವ ಲೈನರ್? ಘಾಟಿ ಹತ್ತುವ ಎಂಜಿನ್ ಕಟ್ಟುವವರಿಗೆ

ಜಡಿಮಳೆ ಹಿಡಿದುಕೊಂಡರೆ ನನ್ನ ಶೆಡ್ಡಿನಲ್ಲಿ ಜನ ಜಾಸ್ತಿ. ಬೇಸಿಗೆಯ ಆಟೋಕ್ರಾಸ್ ಮುಗಿದಿರುತ್ತದೆ, ತೋಟದಲ್ಲಿ ಕಾಲಿಡಲು ಆಗುವುದಿಲ್ಲ, ಗಾಡಿ ಬಿಚ್ಚಿಕೊಂಡು ಕೂರಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಈ ಸಲ ಮೂರು ಕಡೆಯಿಂದ ಬಂದವರು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ಅಲ್ಯೂಮಿನಿಯಂ ಬ್ಲಾಕಿಗೆ ಯಾವ ಲೈನರ್ ಹಾಕೋಣ?" ಲೈನರ್ ಎಂದರೆ ಬ್ಲಾಕಿನಲ್ಲಿ ಪಿಸ್ಟನ್ ಓಡುವ ತೂತಿನ ಒಳಗೆ ಕೂರಿಸುವ ತೋಳು.

ತೀರ್ಥಹಳ್ಳಿಯವನ ಹತ್ತಿರ ಇರುವುದು ಜಿಪ್ಸಿ. 1298 ಸಿಸಿ, 74 ಮಿ.ಮೀ. ಬೋರು, ಅಂದರೆ ಪಿಸ್ಟನ್ ಓಡುವ ತೂತಿನ ಅಗಲ. ಅದಕ್ಕೆ ಟರ್ಬೊ ಕೂರಿಸುವ ಆಸೆ. ಸಾಗರದವನು ಇನ್ನೂ ಮುಂದೆ ಹೋಗಿ 6061 ಅಲ್ಯೂಮಿನಿಯಂ ಗಟ್ಟಿಯಿಂದಲೇ ಬ್ಲಾಕ್ ಕೊರೆಸಲು ಹೊರಟಿದ್ದಾನೆ. ಕ್ರ್ಯಾಂಕ್ ಮತ್ತು ಹೆಡ್ ಮಾತ್ರ ಹಳೆಯ ಎಂಜಿನ್ನಿನದ್ದು. ಮೂರನೆಯದು ಇಲ್ಲೇ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳ ಗುಂಪು. ಎರಡು ಸಿಲಿಂಡರಿನ ಬ್ಲಾಕಿಗೆ ತಾವೇ ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಮಾಡಿ ಎಲ್‌ಎಂ 25 ಎನ್ನುವ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯಿಸುತ್ತಾರಂತೆ. ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ವರ್ಷಗಟ್ಟಲೆ ಪ್ಯಾಟರ್ನ್ ಕೆಲಸ ಮಾಡಿ, ಆಮೇಲೆ ಬೋರಿಂಗ್ ಮೆಷಿನ್ ಹಾಕಿಕೊಂಡವನು ನಾನು. ಮೂವರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ಕೊಟ್ಟ ಮೂರು ಉತ್ತರಗಳನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಲೈನರ್ ಯಾಕೆ ಬೇಕು ಎನ್ನುವುದು ಯಮಹಾ ಆರ್‌ಎಕ್ಸ್ 100ರ ಬ್ಲಾಕ್ ಬಿಚ್ಚಿದವರಿಗೆಲ್ಲ ಗೊತ್ತು. ಹೊರಗೆ ಅಲ್ಯೂಮಿನಿಯಂ ರೆಕ್ಕೆ, ಒಳಗೆ 50 ಮಿ.ಮೀ. ಬೋರಿನ, ಬೀಡಿನ (ಎರಕದ ಕಬ್ಬಿಣದ) ತೋಳು. ಅಲ್ಯೂಮಿನಿಯಂ ಹಗುರ, ಬಿಸಿಯನ್ನು ಬೇಗ ಹೊರಗೆ ದಾಟಿಸುತ್ತದೆ. ಆದರೆ ಮೆತ್ತಗಿನ ಲೋಹ, ಪಿಸ್ಟನ್ ರಿಂಗಿನ ಉಜ್ಜಾಟ ತಡೆಯುವುದಿಲ್ಲ. ಅದಕ್ಕೇ ಒಳಗೊಂದು ಗಟ್ಟಿ ಗೋಡೆ ಬೇಕು.

ಹೆಂಚು ನೋಡಿ ರೀಪು

ನಮ್ಮ ಕಡೆ ಮನೆ ಕಟ್ಟುವಾಗ ಹೆಂಚಿನ ಅಳತೆ ನೋಡಿಕೊಂಡು ರೀಪು ಹೊಡೆಯುತ್ತಾರೆ. ರೀಪು ಹೊಡೆದಾದ ಮೇಲೆ ಹೆಂಚು ಹುಡುಕಲು ಹೋಗುವವನನ್ನು ನಾನು ಕಂಡಿಲ್ಲ. ಎಂಜಿನ್ ಕಟ್ಟುವ ಹುಡುಗರು ಮಾತ್ರ ಅದನ್ನೇ ಮಾಡುತ್ತಾರೆ. ಮೊದಲು ಬೋರು ಎಷ್ಟು ದೊಡ್ಡದು ಎಂದು ಆಸೆಪಟ್ಟು ಡ್ರಾಯಿಂಗ್ ಮುಗಿಸುತ್ತಾರೆ, ಆಮೇಲೆ ಲೈನರ್ ಎಲ್ಲಿ ತೂರಿಸುವುದು ಎಂದು ಯೋಚಿಸುತ್ತಾರೆ.

ಸಾಗರದವನ ಮೊದಲ ಡ್ರಾಯಿಂಗ್ ಹಾಗೇ ಇತ್ತು. ಎರಡು ಸಿಲಿಂಡರುಗಳ ನಡುಮಧ್ಯದ ಅಂತರ 90 ಮಿ.ಮೀ. ಹಳೆಯ ಕ್ರ್ಯಾಂಕ್, ಹಳೆಯ ಹೆಡ್ ಆದ್ದರಿಂದ ಅದನ್ನು ಅಲುಗಾಡಿಸುವಂತಿಲ್ಲ. ಬೋರು 82 ಬೇಕಂತೆ. ಲೈನರ್ ಗೋಡೆ 3 ಮಿ.ಮೀ. ಅಂದರೆ ಲೈನರಿನ ಹೊರ ಅಳತೆ 88. ಎರಡು ಲೈನರ್‌ಗಳ ಮಧ್ಯೆ ಉಳಿಯುವ ಅಲ್ಯೂಮಿನಿಯಂ 2 ಮಿ.ಮೀ. ಮಾತ್ರ! ಅಷ್ಟು ತೆಳು ಗೋಡೆ ಲೈನರನ್ನು ಹಿಡಿದುಕೊಳ್ಳುವುದೂ ಇಲ್ಲ, ಮೇಲೆ ಗ್ಯಾಸ್ಕೆಟ್ಟಿಗೆ ಜಾಗ ಕೊಡುವುದೂ ಇಲ್ಲ. ನೀರು ತಾಗದ ಡ್ರೈ ಲೈನರ್ ಹಾಕುವುದಾದರೆ ಮಧ್ಯೆ 6 ಮಿ.ಮೀ. ಆದರೂ ಇರಲಿ ಅನ್ನುವುದು ನನ್ನ ಲೆಕ್ಕ.

ಹಾಗಾಗಿ ಲೈನರ್ ಯಾವುದು ಎಂದು ತೀರ್ಮಾನವಾಗುವ ತನಕ ಬ್ಲಾಕಿನ ಡ್ರಾಯಿಂಗ್ ಮುಗಿಸಬೇಡಿ. ತೀರ್ಮಾನಕ್ಕೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇಷ್ಟು. ಬಿಸಿಯಾದಾಗ ಲೈನರನ್ನು ಹಿಡಿದುಕೊಳ್ಳುವುದು ಏನು? ಎಷ್ಟು ಒತ್ತಡ ಬೀಳುತ್ತದೆ, ಎಷ್ಟು ಹೊತ್ತು? ಸವೆದಾಗ ಯಾರು, ಎಲ್ಲಿ ರಿಪೇರಿ ಮಾಡುತ್ತಾರೆ? ಮಳೆಗಾಲದ ನಾಲ್ಕು ತಿಂಗಳು ಎಂಜಿನ್ ಎಲ್ಲಿ ಬಿದ್ದಿರುತ್ತದೆ? ಆಮೇಲೆ ದುಡ್ಡು. ದುಡ್ಡನ್ನು ಕೊನೆಗೆ ಹೇಳಿದ್ದು ಬೇಕೆಂದೇ. ಮೊದಲ ನಾಲ್ಕಕ್ಕೆ ಸರಿಯಾಗಿ ಉತ್ತರ ಕೊಟ್ಟರೆ ಐದನೆಯದು ತಾನೇ ಸಣ್ಣದಾಗುತ್ತದೆ.

ಹಿಡಿತದ ವಿಷಯ

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲೇ. ಆದ್ದರಿಂದ ಸ್ವಲ್ಪ ಉದ್ದ ಎಳೆಯುತ್ತೇನೆ.

ಅಲ್ಯೂಮಿನಿಯಂ ಬಿಸಿಗೆ ಬೀಡಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಬ್ಲಾಕಿನಲ್ಲಿ ಲೈನರ್ ಕೂರುವ ತೂತು 86 ಮಿ.ಮೀ. ಅನ್ನಿ. 100 ಡಿಗ್ರಿ ಬಿಸಿ ಏರಿದರೆ ಆ ತೂತು ಸುಮಾರು 0.2 ಮಿ.ಮೀ. ಅಗಲವಾಗುತ್ತದೆ. ಒಳಗಿನ ಬೀಡಿನ ಲೈನರ್ ಹಿಗ್ಗುವುದು 0.1ರ ಹತ್ತಿರ ಮಾತ್ರ. ಉಳಿದ 0.1 ಎಲ್ಲಿ ಹೋಯಿತು? ಅದೇ ಸಡಿಲ. ತಣ್ಣಗಿದ್ದಾಗ 0.08 ಟೈಟ್ ಇಟ್ಟು, ಅಂದರೆ ಲೈನರನ್ನು ತೂತಿಗಿಂತ ಅಷ್ಟು ದಪ್ಪ ಮಾಡಿ, ಒತ್ತಿದ್ದರೂ ಲೆಕ್ಕದ ಪ್ರಕಾರ ಹಿಡಿತ ಪೂರ್ತಿ ಹೋಯಿತು. ನಿಜವಾಗಿ ಅಷ್ಟು ಕೆಟ್ಟದಾಗುವುದಿಲ್ಲ. ಬೆಂಕಿಯ ಪಕ್ಕ ಇರುವ ಲೈನರ್ ಬ್ಲಾಕಿಗಿಂತ ಹೆಚ್ಚು ಬಿಸಿಯಾಗಿ ಹೆಚ್ಚು ಹಿಗ್ಗುತ್ತದೆ, ಬ್ಲಾಕಿಗೆ ನೀರಿನ ತಂಪು ಇರುತ್ತದೆ. ಆದರೂ ಎಂಜಿನ್ ಹೀಟ್ ಆದ ದಿನ ಈ ಎರಡೂ ನೆರವಿಗೆ ಬರುವುದಿಲ್ಲ.

ಇದು ನನಗೆ ಗೊತ್ತಾದದ್ದು ಓದಿ ಅಲ್ಲ. ಬಹಳ ಹಿಂದೆ ಒಂದು ಅಲ್ಯೂಮಿನಿಯಂ ಬ್ಲಾಕಿಗೆ ಬೇರೆ ಊರಿನಲ್ಲಿ ಲೈನರ್ ಹಾಕಿಸಿದ್ದೆ. ಒತ್ತಿ ಕೊಟ್ಟವರು ಕೆಳಗೆ ಲೈನರ್ ಕೂರಲು ಸ್ಟೆಪ್ (ಮೆಟ್ಟಿಲಿನಂಥ ಅಂಚು) ಬಿಟ್ಟಿರಲಿಲ್ಲ, ಮೇಲೆ ಕಾಲರ್ (ಲೈನರಿನ ತಲೆಯ ಸುತ್ತ ಹೊರಚಾಚಿದ ಪಟ್ಟಿ) ಇರಲಿಲ್ಲ, ಬರೀ ಟೈಟಿನ ಮೇಲೆ ನಂಬಿಕೆ. ಪರೀಕ್ಷೆ ಮಾಡೋಣ ಎಂದು ಸೋಮೇಶ್ವರದಿಂದ ಆಗುಂಬೆ ಹತ್ತಿಸಿದೆ. ಹದಿನಾಲ್ಕು ತಿರುವು, ಎರಡನೇ ಗೇರು, ಹಿಂದೆ ಮುಂದೆ ಬಸ್ಸು. ಮೇಲೆ ಬಂದು ನಿಲ್ಲಿಸಿದಾಗ ರೇಡಿಯೇಟರಿನಲ್ಲಿ ಗುಳುಗುಳು ಗುಳ್ಳೆ. ಬಿಚ್ಚಿ ನೋಡಿದರೆ ಮೂರನೇ ಲೈನರ್ 0.15 ಮಿ.ಮೀ. ಕೆಳಗೆ ಇಳಿದಿತ್ತು, ಹೆಡ್ ಗ್ಯಾಸ್ಕೆಟ್ ಹಾರಿತ್ತು. ಲೈನರಿನ ಲೋಹದಲ್ಲಿ ಯಾವ ದೋಷವೂ ಇರಲಿಲ್ಲ. ಕೂತ ಜಾಗ ಸರಿ ಇರಲಿಲ್ಲ ಅಷ್ಟೇ.

ಅವತ್ತಿನಿಂದ ಯಾರಾದರೂ ಲೈನರಿನ ಲೋಹದ ಬಗ್ಗೆ ಕೇಳಿದರೆ ನಾನು ಮೊದಲು ಅದರ ಕುರ್ಚಿಯ ಬಗ್ಗೆ ಕೇಳುತ್ತೇನೆ. ಕೆಳಗೆ ಸ್ಟೆಪ್ ಇದೆಯಾ? ಇಲ್ಲವೇ ಮೇಲೆ ಕಾಲರ್ ಇದೆಯಾ? ಹೆಡ್ ಬೋಲ್ಟಿನ ಒತ್ತಡ ಆ ಜಾಗಕ್ಕೇ ಹೋಗಿ ಬೀಳುತ್ತದಾ?

ಬೀಡಿನ ಡ್ರೈ ಲೈನರ್

ನೀರು ಮುಟ್ಟದ, ಸುತ್ತ ಅಲ್ಯೂಮಿನಿಯಂ ಅಪ್ಪಿಕೊಂಡಿರುವ ತೆಳು ತೋಳು ಇದು. ಗೋಡೆ 2ರಿಂದ 3 ಮಿ.ಮೀ. ಬೀಡಿನ ಒಳಗೆ ಗ್ರಾಫೈಟ್ ಪದರ ಪದರವಾಗಿ ಇರುತ್ತದೆ. ಅದು ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ, ಒಂದು ಕ್ಷಣ ಎಣ್ಣೆ ತಪ್ಪಿದರೂ ತಕ್ಷಣ ಸೀಜ್ ಆಗಲು ಬಿಡುವುದಿಲ್ಲ. ಹೋನಿಂಗಿಗೆ, ಅಂದರೆ ಬೋರಿನ ಒಳಮೈಯನ್ನು ಕಲ್ಲಿನಲ್ಲಿ ಉಜ್ಜಿ ಹದ ಮಾಡಲು, ಸಲೀಸು. ಹೆಚ್ಚುಕಡಿಮೆ ಯಾವ ರಿಂಗ್ ಬೇಕಾದರೂ ಒಗ್ಗುತ್ತದೆ. ಸವೆದರೆ ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಪೂರ್ತಿ ಹೋದರೆ ಕೊರೆದು ತೆಗೆದು ಇನ್ನೊಂದು ಒತ್ತಬಹುದು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಕಡೆ ಬೋರಿಂಗ್ ಗೊತ್ತಿರುವ ಕೈಗಳಿಗೆ ಇದು ಹೊಸ ಕೆಲಸ ಅಲ್ಲ.

ಹಾಗಾದರೆ ಕೊರತೆ ಏನು? ಬಿಸಿ ದಾಟುವ ದಾರಿ. ಬೀಡು ಬಿಸಿ ದಾಟಿಸುವುದು ಅಲ್ಯೂಮಿನಿಯಂನ ಮೂರನೇ ಒಂದು ಪಾಲು. ಅದಕ್ಕಿಂತ ದೊಡ್ಡ ತೊಂದರೆ ಲೈನರಿಗೂ ಬ್ಲಾಕಿಗೂ ನಡುವಿನ ಗೆರೆ. ಬ್ಲಾಕಿನ ತೂತು ಸ್ವಲ್ಪ ಕೋಳಿಮೊಟ್ಟೆ ಆಕಾರ ಆಗಿದ್ದರೆ ಲೈನರ್ ಕೆಲವು ಕಡೆ ಮಾತ್ರ ಮುಟ್ಟುತ್ತದೆ. ಮುಟ್ಟದ ಕಡೆ ಗಾಳಿ, ಗಾಳಿ ಇದ್ದ ಕಡೆ ಬಿಸಿ ನಿಂತೇ ಬಿಟ್ಟಿತು. 86ರ ತೂತಿನ ಉರುಟು ಮೈಕ್ರಾನ್ ಲೆಕ್ಕದಲ್ಲಿ ಸರಿ ಇರಬೇಕು. ಬೋರ್ ಗೇಜ್ ಇಲ್ಲದೆ ಬೆರಳಿನಲ್ಲಿ ನೋಡಿ "ಸರಿ ಇದೆ" ಅನ್ನುವವರ ಹತ್ತಿರ ಈ ಕೆಲಸ ಕೊಡಬೇಡಿ.

ಟೈಟ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಈ ಅಳತೆಯ ಅಲ್ಯೂಮಿನಿಯಂ ಬ್ಲಾಕಿಗೆ ನಾನು 0.07ರಿಂದ 0.10 ಮಿ.ಮೀ. ಒಳಗೆ ಇಡುತ್ತೇನೆ. ಪ್ರೆಸ್ಸಿನಲ್ಲಿ ಬಲವಂತವಾಗಿ ತಳ್ಳುವುದಿಲ್ಲ. ತಳ್ಳಿದರೆ ಅಲ್ಯೂಮಿನಿಯಂ ಕೆತ್ತಿಕೊಂಡು ಹೋಗುತ್ತದೆ. ಬ್ಲಾಕನ್ನು ಓವನ್ನಿನಲ್ಲಿ ಬಿಸಿ ಮಾಡಿ, ಲೈನರನ್ನು ತಣ್ಣಗೆ ಮಾಡಿ ಇಳಿಬಿಡಬೇಕು. 150 ಡಿಗ್ರಿ ಏರಿಸಿದರೆ 86ರ ತೂತು 0.3 ಮಿ.ಮೀ. ಹತ್ತಿರ ಬಾಯಿ ಬಿಡುತ್ತದೆ, ಲೈನರ್ ತಾನಾಗಿ ಜಾರಿ ಕೂರುತ್ತದೆ. 175 ಡಿಗ್ರಿ ದಾಟಿಸಬೇಡಿ, ಗಂಟೆಗಟ್ಟಲೆ ಒಳಗೆ ಬಿಡಲೂಬೇಡಿ. ಟಿ6 ಹದ (ಬಿಸಿ ಮಾಡಿ ಗಟ್ಟಿಗೊಳಿಸುವ ಹದ) ಕೊಟ್ಟ ಅಲ್ಯೂಮಿನಿಯಂ ಹದ ಮೀರಿ ಮೆತ್ತಗಾಗುತ್ತದೆ. ಇನ್ನು ಲೈನರ್ ತಣ್ಣಗೆ ಮಾಡಲು ದ್ರವ ಸಾರಜನಕ ಸಿಕ್ಕರೆ ಸುಖ. ಹಳ್ಳಿಗಳಲ್ಲಿ ದನಕ್ಕೆ ಇಂಜೆಕ್ಷನ್ ಕೊಡಲು ಪಶುವೈದ್ಯರು ತರುವ ಆ ಹೊಗೆಯಾಡುವ ಕ್ಯಾನು ನೋಡಿದ್ದೀರಲ್ಲ, ಅದೇ ವಸ್ತು, ಮೈನಸ್ 196 ಡಿಗ್ರಿ. ಅವರ ಕ್ಯಾನಿಗೆ ಕೈ ಹಾಕಬೇಡಿ, ಗ್ಯಾಸ್ ಡೀಲರ್ ಹತ್ತಿರ ಕೇಳಿ. ಬರಿಗೈಯಲ್ಲಂತೂ ಮುಟ್ಟಲೇಬೇಡಿ.

ಇನ್ನೊಂದು ಮಾತು. ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣ ಕರಗಿಸಿದ ಜಿಲ್ಲೆ ನಮ್ಮದು, ಶಿವಮೊಗ್ಗದ ಸುತ್ತ ಫೌಂಡ್ರಿಗಳಿಗೆ ಬರ ಇಲ್ಲ. "ಪಕ್ಕದಲ್ಲೇ ಒಂದು ಕೊಳವೆ ಹೊಯ್ಯಿಸಿಕೊಂಡು ಲೇತಿಗೆ ಹಾಕಿದರೆ ಲೈನರ್ ಆಯಿತಲ್ಲ" ಎಂದು ಕಾಲೇಜಿನ ಮಕ್ಕಳು ಕೇಳಿದರು. ನಾನೂ ಆ ವಯಸ್ಸಿನಲ್ಲಿ ಹಾಗೇ ಅಂದುಕೊಂಡು ಮರಳಿನ ಅಚ್ಚಿನಲ್ಲಿ ಹೊಯ್ಯಿಸಿದ್ದೆ. ಕೊನೆಯ ಕಟ್ಟಿಂಗಿನಲ್ಲಿ, ಬೋರಿನ ಮಧ್ಯದಲ್ಲಿ, ಸಾಸಿವೆಯಷ್ಟು ಗಾಳಿತೂತು ಕಣ್ಣು ಬಿಟ್ಟಿತು. ಲೈನರಿಗೆ ಬೇಕಾದದ್ದು ಗರಗರ ತಿರುಗುವ ಅಚ್ಚಿನಲ್ಲಿ ಹೊಯ್ದ ಬೀಡು. ತಿರುಗುವ ರಭಸಕ್ಕೆ ಲೋಹ ಒತ್ತಾಗಿ ಕೂರುತ್ತದೆ, ಕಸ ಮತ್ತು ಗುಳ್ಳೆ ಒಳಮೈಗೆ ಬರುತ್ತವೆ, ಅದನ್ನು ಕೊರೆದು ಎಸೆಯಬಹುದು. ಡೀಸೆಲ್ ಎಂಜಿನ್ನುಗಳಿಗೆಂದು ಮಾರುವ ಸೆಮಿ ಫಿನಿಶ್ ಲೈನರ್‌ಗಳು ಹೀಗೇ ಮಾಡಿದವು. ನಿಮ್ಮ ಅಳತೆಗೆ ಹತ್ತಿರ ಇರುವುದನ್ನು ಆರಿಸಿ ಲೇತಿನಲ್ಲಿ ಇಳಿಸಿಕೊಳ್ಳಿ. ಇದು ಅಗ್ಗ, ನಂಬಿಕಸ್ಥ. ನಾಳೆ ಇನ್ನೊಂದು ಬೇಕೆಂದರೂ ಸಿಗುತ್ತದೆ.

ಎಸ್‌ಜಿ ಐರನ್, ಕಾಲರ್ ಸಮೇತ

ಟರ್ಬೊ ಬಂದರೆ ಸಿಲಿಂಡರಿನ ಒಳಗಿನ ಒತ್ತಡ ಏರಿ ಲೆಕ್ಕ ಬದಲಾಗುತ್ತದೆ. ಸಾದಾ ಬೀಡು ಒತ್ತಿದರೆ ಗಟ್ಟಿ, ಎಳೆದರೆ ಬಿರುಕು. ಐಎಸ್ 210ರ ಎಫ್‌ಜಿ 260 ದರ್ಜೆ ಎಂದರೆ 260 ಮೆಗಾಪಾಸ್ಕಲ್ ಎಳೆತ ತಡೆಯುವ ಬೀಡು. ಎಸ್‌ಜಿ ಐರನ್ ಎನ್ನುವ ಇನ್ನೊಂದು ಜಾತಿಯ ಬೀಡಿನಲ್ಲಿ ಗ್ರಾಫೈಟ್ ಪದರವಾಗಿರದೆ ರಾಗಿಕಾಳಿನ ಹಾಗೆ ಉಂಡೆ ಉಂಡೆಯಾಗಿರುತ್ತದೆ. ಐಎಸ್ 1865ರ 500/7 ದರ್ಜೆ 500 ಮೆಗಾಪಾಸ್ಕಲ್ ತಡೆಯುತ್ತದೆ, ಮುರಿಯುವ ಮೊದಲು ಶೇ. 7ರಷ್ಟು ಹಿಗ್ಗುತ್ತದೆ. ಅಂದರೆ ನಾಕಿಂಗ್ ಆಗಿ ಒಳಗೆ ಸುತ್ತಿಗೆ ಬಡಿದ ಹಾಗೆ ಪೆಟ್ಟು ಬಿದ್ದರೂ ಲೈನರ್ ಸೀಳುವುದಿಲ್ಲ.

ಟರ್ಬೊ ಎಂಜಿನ್ನಿಗೆ ಎಸ್‌ಜಿ ಲೈನರ್ ತಲೆಯಲ್ಲಿ ದಪ್ಪ ಕಾಲರ್ ಇಟ್ಟು ಮಾಡುತ್ತಾರೆ. ಕಾರಿನ ಎಷ್ಟೋ ಅಲ್ಯೂಮಿನಿಯಂ ಬ್ಲಾಕ್‌ಗಳ ಮೇಲ್ಭಾಗ ತೆರೆದಿರುತ್ತದೆ, ಸಿಲಿಂಡರುಗಳು ನೀರಿನ ಮಧ್ಯೆ ಕಂಬದ ಹಾಗೆ ನಿಂತಿರುತ್ತವೆ. ಒತ್ತಡ ಜಾಸ್ತಿಯಾದರೆ ಆ ಕಂಬದ ತುದಿ ಅಲ್ಲಾಡುತ್ತದೆ, ಗ್ಯಾಸ್ಕೆಟ್ ಸವೆಯುತ್ತದೆ. ಅಕ್ಕಪಕ್ಕದ ಲೈನರುಗಳ ಕಾಲರ್ ಒಂದಕ್ಕೊಂದು ತಾಗುವ ಹಾಗೆ ಚಪ್ಪಟೆ ಕೊರೆದು ಕೂರಿಸಿದರೆ ತೆರೆದ ತಲೆ ಮುಚ್ಚಿದಂತಾಗುತ್ತದೆ, ಒಂದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ನೀರಿನ ತೂತುಗಳನ್ನು ಕಾಲರಿನಲ್ಲೇ ಬಿಡಬೇಕು. ಅದನ್ನು ಮರೆತರೆ ಹೆಡ್ಡಿಗೆ ನೀರು ಹೋಗುವುದಿಲ್ಲ. ಮರೆತವರಿದ್ದಾರೆ!

ಇಲ್ಲಿ ಕೊಡುವ ಬೆಲೆ ಎರಡು. ಎಸ್‌ಜಿ ಬಿಸಿ ದಾಟಿಸುವುದರಲ್ಲಿ ಸಾದಾ ಬೀಡಿಗಿಂತಲೂ ನಿಧಾನ. ಎರಡನೆಯದು, ಬ್ಲಾಕಿನ ಕೆಲಸ ಕಷ್ಟ. ಕಾಲರ್ ಕೂರುವ ಗುಂಡಿಯ ಆಳ ನಾಲ್ಕೂ ಕಡೆ ಒಂದೇ ಸಮ ಇರಬೇಕು. ಸಿಎನ್‌ಸಿ ಮೆಷಿನ್ನಿನ ಕೆಲಸ ಇದು, ಅಂದಾಜಿನದ್ದಲ್ಲ. ಟರ್ಬೊ ಇಲ್ಲದ ಎಂಜಿನ್ನಿಗೆ ಎಸ್‌ಜಿ ಹಾಕುವುದು ಸುಮ್ನೆ ಖರ್ಚು ಅನ್ನುವುದು ನನ್ನ ಅಭಿಪ್ರಾಯ.

ವೆಟ್ ಲೈನರ್

ಲಾರಿ, ಟ್ರ್ಯಾಕ್ಟರ್ ಬಿಚ್ಚಿದವರಿಗೆ ಇದು ಹಳೆಯ ಪರಿಚಯ. ಲೈನರಿನ ಬೆನ್ನಿಗೇ ನೀರು ತಾಗುತ್ತದೆ. ನಡುವೆ ಅಲ್ಯೂಮಿನಿಯಂ ಗೋಡೆಯೇ ಇಲ್ಲ, ಹಾಗಾಗಿ ಗಾಳಿ ಸಿಕ್ಕಿಕೊಳ್ಳುವ ಪ್ರಶ್ನೆಯೂ ಇಲ್ಲ. ಲೈನರ್ ದಪ್ಪ ಇರಬೇಕು, 5 ಮಿ.ಮೀ.ಗಿಂತ ಮೇಲೆ. ಮೇಲೆ ಕಾಲರ್, ಕೆಳಗೆ ಓ ರಿಂಗ್. ಕೈಯಲ್ಲಿ ಎಳೆದು ತೆಗೆದು ಹೊಸದು ಹಾಕಬಹುದು. ಬೋರಿಂಗ್ ಮೆಷಿನ್ನಿನ ಹಂಗೇ ಇಲ್ಲ.

ಎರಕದ ಬ್ಲಾಕ್ ಮಾಡುವವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ, ಅದು ಪ್ಯಾಟರ್ನ್ ಮಾಡಿದವನಿಗೇ ಗೊತ್ತು. ಡ್ರೈ ಲೈನರಿನ ಬ್ಲಾಕಿನಲ್ಲಿ ಪ್ರತಿ ಸಿಲಿಂಡರಿನ ಸುತ್ತ ನೀರು ಓಡಲು ತೆಳು ಮರಳಿನ ಕೋರ್ (ಎರಕದೊಳಗೆ ಟೊಳ್ಳು ಬಿಡಿಸುವ ತುಂಡು) ಇಡಬೇಕು. ಅದು ಮುರಿಯುತ್ತದೆ, ಜರುಗುತ್ತದೆ, ಗೋಡೆ ಒಂದು ಕಡೆ 8, ಇನ್ನೊಂದು ಕಡೆ 3 ಮಿ.ಮೀ. ಆಗುತ್ತದೆ. ವೆಟ್ ಲೈನರ್ ಆದರೆ ಸಿಲಿಂಡರ್ ಗೋಡೆಯನ್ನು ಎರಕದಲ್ಲಿ ತರುವ ಕೆಲಸವೇ ಇಲ್ಲ. ಬ್ಲಾಕ್ ಒಂದು ಡಬ್ಬಿಯ ಹಾಗೆ, ಕೋರ್ ದಪ್ಪ, ಒಳಗೆ ಕೈ ಹಾಕಿ ಮರಳು ತೆಗೆಯಬಹುದು. ಜೀವನದಲ್ಲಿ ಮೊದಲ ಸಲ ಬ್ಲಾಕ್ ಹೊಯ್ಯುವ ಮಕ್ಕಳಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ಬ್ಲಾಕಿನ ಬಿಗಿ ಕಡಿಮೆ. ಲೈನರ್ ಮೇಲೆ ಕೆಳಗೆ ಮಾತ್ರ ಹಿಡಿದುಕೊಂಡು ನಿಂತಿದೆ, ನಡುವೆ ಯಾರ ಆಸರೆಯೂ ಇಲ್ಲ. ಸಿಲಿಂಡರುಗಳ ಮಧ್ಯೆ ಅಂತರವೂ ಜಾಸ್ತಿ ಬೇಕು. ಹೆಡ್ ಕೂರಿಸುವ ಮುನ್ನ ಲೈನರ್ ಡೆಕ್ಕಿಗಿಂತ (ಹೆಡ್ ಕೂರುವ ಬ್ಲಾಕಿನ ಮೇಲ್ಮೈಗಿಂತ) ಕೂದಲೆಳೆಯಷ್ಟು ಮೇಲೆ ನಿಂತಿರಬೇಕು, ನಾಲ್ಕೂ ಒಂದೇ ಸಮ. ಒಂದು ತಗ್ಗಿದರೆ ಗ್ಯಾಸ್ಕೆಟ್ ಅಲ್ಲೇ ಸೋರುತ್ತದೆ. ಬ್ರಿಟನ್ನಿನ ರೋವರ್ ಕೆ ಸೀರೀಸ್ ಅಲ್ಯೂಮಿನಿಯಂ ಎಂಜಿನ್ನಿನಲ್ಲಿ ಲೈನರ್ ಅರ್ಧ ನೀರಿನಲ್ಲಿ, ಅರ್ಧ ಬ್ಲಾಕಿನಲ್ಲಿ ಕೂರುತ್ತಿತ್ತು. ಲೋಟಸ್ ಎಲಿಸ್‌ನಂಥ ಕಾರಿಗೂ ಹೋದ ಒಳ್ಳೆಯ ಎಂಜಿನ್ ಅದು. ಆದರೂ ಹೆಡ್ ಗ್ಯಾಸ್ಕೆಟ್ ವಿಷಯದಲ್ಲಿ ಹೆಸರು ಕೆಡಿಸಿಕೊಂಡಿತು.

ನಮ್ಮ ಕಡೆಯ ಅಪಾಯ ಬೇರೆಯೇ. ರೇಡಿಯೇಟರಿಗೆ ಹಳ್ಳದ ನೀರು ಹೊಯ್ಯುವ ಅಭ್ಯಾಸ. ಬೀಡು, ಅಲ್ಯೂಮಿನಿಯಂ, ಮಧ್ಯೆ ಬರಿ ನೀರು ಸೇರಿದರೆ ಬ್ಯಾಟರಿ ಆದ ಹಾಗೆ ಆಗಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಜೊತೆಗೆ ಪಿಸ್ಟನ್ ಬಡಿತಕ್ಕೆ ಲೈನರ್ ನಡುಗಿ, ಬೆನ್ನಿನ ಮೇಲೆ ಗುಳ್ಳೆ ಒಡೆದು ಒಡೆದು ಸೂಜಿಮೊನೆಯ ತೂತು ಬೀಳುತ್ತವೆ. ಒಂದು ದಿನ ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಮಜ್ಜಿಗೆಯ ಬಣ್ಣ. ವೆಟ್ ಲೈನರ್ ಹಾಕಿದವರು ಡಬ್ಬಿ ಕೂಲಂಟನ್ನೇ ಹಾಕಬೇಕು. ಮಾಡಲಾರಿರಾ? ಹಾಗಾದರೆ ಡ್ರೈ ಲೈನರಿಗೆ ವಾಪಸ್ ಬನ್ನಿ.

ನಿಕಾಸಿಲ್: ಎಲ್ಲರ ಕನಸು

ಲೈನರನ್ನೂ ಅಲ್ಯೂಮಿನಿಯಂನಲ್ಲೇ ಮಾಡಿ, ಇಲ್ಲವೇ ಬ್ಲಾಕಿನ ಬೋರಿಗೇ ನೇರವಾಗಿ, ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಪುಡಿಯ ಲೇಪ ಕೊಡುವುದು ಇದು. ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ತೆಳು ಪದರ. ಜರ್ಮನಿಯ ಮಾಹ್ಲೆ ಕಂಪನಿ 1967ರಲ್ಲಿ ರೋಟರಿ ಎಂಜಿನ್ನಿಗೆಂದು ತಂದದ್ದು, ಆಮೇಲೆ ಪೋರ್ಷೆಯ ರೇಸ್ ಕಾರಿಗೆ ಹೋಯಿತು. ಇವತ್ತು ನಮ್ಮ ರಸ್ತೆಯ ಕೆಟಿಎಂ ಡ್ಯೂಕ್ 390ರ ಒಳಗೂ ಇದೆ.

ಗುಣ ಹೇಳುವುದಾದರೆ, ಪಿಸ್ಟನ್ನೂ ಸಿಲಿಂಡರೂ ಒಂದೇ ಜಾತಿಯ ಲೋಹ. ಎರಡೂ ಒಟ್ಟಿಗೆ ಹಿಗ್ಗುತ್ತವೆ, ಹಾಗಾಗಿ ನಡುವಿನ ಸಂದು ಕಡಿಮೆ ಇಡಬಹುದು. ಬಿಸಿ ಸಲೀಸಾಗಿ ದಾಟುತ್ತದೆ. ಸವೆತ ಬಹಳ ಕಡಿಮೆ. ಮೇಲೆ ಹೇಳಿದ ಹಿಡಿತದ ತಲೆನೋವು ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಮಳೆಗಾಲಕ್ಕೂ ಒಳ್ಳೆಯದು, ಬೀಡಿನ ಹಾಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. 1990ರ ದಶಕದಲ್ಲಿ ಬಿಎಂಡಬ್ಲ್ಯು, ಜಾಗ್ವಾರ್ ಎಂಜಿನ್ನುಗಳಲ್ಲಿ ಪೆಟ್ರೋಲಿನ ಗಂಧಕಕ್ಕೆ ಈ ಲೇಪ ಹಾಳಾದದ್ದು ನಿಜ. ಆದರೆ ಏಪ್ರಿಲ್ 2020ರಿಂದ ನಮ್ಮಲ್ಲಿ ಸಿಗುವ ಬಿಎಸ್ 6 ಪೆಟ್ರೋಲಿನಲ್ಲಿ ಗಂಧಕದ ಮಿತಿ 10 ಪಿಪಿಎಂ. ಆ ಹೆದರಿಕೆ ಈಗ ಬೇಡ.

ಹಗುರ ಎಂದು ಮಾತ್ರ ಇದನ್ನು ಆರಿಸಬೇಡಿ. 80ರ ಬೋರು, 3 ಮಿ.ಮೀ. ಗೋಡೆ, 135 ಮಿ.ಮೀ. ಉದ್ದದ ಬೀಡಿನ ಲೈನರ್ ಮುಕ್ಕಾಲು ಕೆಜಿ ತೂಗುತ್ತದೆ. ಅಲ್ಯೂಮಿನಿಯಂನಲ್ಲಿ ಮಾಡಿದರೆ ನಾಲ್ಕಕ್ಕೂ ಸೇರಿ ಉಳಿಯುವುದು ಎರಡು ಕೆಜಿ ಒಳಗೆ. ಅಷ್ಟನ್ನು ಡ್ರೈವರ್ ಮಹಾಶಯ ಒಂದು ತಿಂಗಳು ಕಡುಬು ಕಡಿಮೆ ತಿಂದು ಇಳಿಸಬಹುದು ಮಾರಾಯ್ರೆ.

ತೊಡಕು ರಿಪೇರಿಯದ್ದು. ಲೇಪ ಕಟ್ಟುವುದು, ವಜ್ರದ ಕಲ್ಲಿನಲ್ಲಿ ಹೋನ್ ಮಾಡುವುದು ಊರಿನ ಲೇತ್ ಅಂಗಡಿಯ ಕೆಲಸ ಅಲ್ಲ. ಬ್ಲಾಕನ್ನೋ ಲೈನರನ್ನೋ ಪಾರ್ಸೆಲ್ ಕಟ್ಟಿ ಹೊರಗೆ ಕಳಿಸಬೇಕು. ಕೆರೆದರೆ ಓವರ್‌ಸೈಜ್ ಕೊರೆಯುವಂತಿಲ್ಲ. ಹಳೆಯ ಲೇಪ ತೆಗೆದು ಮತ್ತೆ ಕಟ್ಟಬೇಕು. ಏರ್ ಫಿಲ್ಟರ್ ಸಡಿಲವಿದ್ದು ಚಿಕ್ಕಮಗಳೂರಿನ ಕಾಫಿ ತೋಟದ ಕೆಮ್ಮಣ್ಣಿನ ಧೂಳು ಒಂದು ಸಲ ಒಳಗೆ ಹೋದರೆ ಬೀಡಿನ ಬೋರಾದರೆ ವಾರದಲ್ಲಿ ಎದ್ದು ನಿಲ್ಲುತ್ತದೆ, ಇದಕ್ಕೆ ಸೀಸನ್ನೇ ಹೋಯಿತು. ಕಳಿಸುವುದೇ ಆದರೆ ಬ್ಲಾಕಿಗೆ ನೇರ ಲೇಪ ಬೇಡ. ಬಿಡಿಯಾಗಿ ಕಳಚುವ ಅಲ್ಯೂಮಿನಿಯಂ ಲೈನರಿಗೆ ಮಾಡಿಸಿ, ಒಂದು ಜೊತೆ ಎಕ್ಸ್‌ಟ್ರಾ ಇಟ್ಟುಕೊಳ್ಳಿ. ರಿಂಗ್ ಯಾವುದು ಎಂದು ಲೇಪ ಕಟ್ಟುವವರನ್ನೇ ಕೇಳಿ.

ಉಳಿದವು

ಎರಕ ಹೊಯ್ಯುವಾಗಲೇ ಬೀಡಿನ ಲೈನರನ್ನು ಅಚ್ಚಿನೊಳಗಿಟ್ಟು ಸುತ್ತ ಅಲ್ಯೂಮಿನಿಯಂ ಸುರಿಯುವುದು ಕಾರ್ಖಾನೆಯವರ ದಾರಿ. ಲೈನರಿನ ಹೊರಮೈ ಹಲಸಿನ ಸಿಪ್ಪೆಯ ಹಾಗೆ ಮುಳ್ಳುಮುಳ್ಳಾಗಿದ್ದರೆ ಹಿಡಿತ ಬಹಳ ಚೆನ್ನಾಗಿರುತ್ತದೆ. ಸಾವಿರ ಬ್ಲಾಕ್ ಹೊಯ್ಯುವವರಿಗೆ ಸರಿ. ಒಂದೇ ಬ್ಲಾಕ್ ಹೊಯ್ಯುವವರು ಲೈನರ್ ಸಾಕಷ್ಟು ಬಿಸಿ ಮಾಡದಿದ್ದರೆ ಸುತ್ತ ಸಂದು ಬಿಡುತ್ತದೆ, ತಣಿಯುವಾಗ ಅಲ್ಯೂಮಿನಿಯಂ ಬಿರುಕು ಬಿಟ್ಟರೆ ಪೂರ್ತಿ ಬ್ಲಾಕ್ ಗುಜರಿಗೆ. ಬೇಡ.

ಲೈನರೇ ಇಲ್ಲದ, ಸಿಲಿಕಾನ್ ಜಾಸ್ತಿ ಇರುವ ಅಲ್ಯೂಮಿನಿಯಂ ಬೋರು ಇದೆ. ಯಮಹಾ ಆರ್15ರ ಡಯಾಸಿಲ್ ಸಿಲಿಂಡರ್ ಈ ಜಾತಿಯದ್ದು. ಅಮೆರಿಕದ ಶೆವ್ರೊಲೆ ವೇಗಾ 1971ರ ಮಾಡೆಲ್ಲಿನಲ್ಲಿ ಇದೇ ದಾರಿ ಹಿಡಿದು ಎಣ್ಣೆ ಕುಡಿಯುವ ಕಾರು ಎಂದು ಹೆಸರು ಪಡೆಯಿತು. ಪ್ಲಾಸ್ಮಾದಲ್ಲಿ ಉಕ್ಕು ಸಿಂಪಡಿಸುವ ವಿಧಾನ ನಿಸ್ಸಾನ್ ಜಿಟಿಆರ್‌ನಲ್ಲಿದೆ. ಎರಡೂ ದೊಡ್ಡ ಕಾರ್ಖಾನೆಯ ಆಟ. ಉಕ್ಕಿನ ಲೈನರ್ ಬಲದಲ್ಲಿ ಮೇಲು, ಆದರೆ ಬೀಡಿನ ಹಾಗೆ ಎಣ್ಣೆ ಹಿಡಿಯುವುದಿಲ್ಲ.

ಡ್ರ್ಯಾಗ್ ರೇಸಿನ ವಿಡಿಯೋ ನೋಡಿ ಬರುವವರಿಗೂ ಒಂದು ಮಾತು. ಅಲ್ಲಿ ನೀರೇ ಓಡದ ಗಟ್ಟಿ ಬಿಲೆಟ್ ಬ್ಲಾಕ್‌ಗಳಿವೆ. ಅವರ ಓಟ ಕಾಲು ಮೈಲಿ, 402 ಮೀಟರ್. ಅಷ್ಟರಲ್ಲಿ ಬಿಸಿ ಬ್ಲಾಕನ್ನು ಪೂರ್ತಿ ಹೊಕ್ಕಿರುವುದೇ ಇಲ್ಲ. ಹುಲಿಕಲ್ ಘಾಟಿಗೆ ಆ ಬ್ಲಾಕ್ ತಂದರೆ ಅರ್ಧ ದಾರಿಯಲ್ಲಿ ದೇವರ ಹೆಸರು ಹೇಳಬೇಕು.

ಮಳೆಗಾಲ, ಮೈಲುತುತ್ತ, ಹೋನಿಂಗು

ಬೀಡಿನ ಬೋರು ಯಾವುದೇ ಇರಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ತಿರುಗಿಸದೆ ಬಿಟ್ಟರೆ ತುಕ್ಕು ಖಾತ್ರಿ. ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಟ್ಟು, ವಾರಕ್ಕೊಮ್ಮೆ ಕ್ರ್ಯಾಂಕ್ ತಿರುಗಿಸಿ, ಮುಚ್ಚಿಡಿ. ಇನ್ನೊಂದು ವಿಷಯ ಬೇರೆ ಊರಿನವರಿಗೆ ಹೊಳೆಯುವುದಿಲ್ಲ. ಅಡಿಕೆಗೆ ಔಷಧಿ ಹೊಡೆಯುವ ಕಾಲದಲ್ಲಿ ಶೆಡ್ಡಿನಲ್ಲಿ ಮೈಲುತುತ್ತ ಕದಡಿದ ಡ್ರಮ್ ಇರುತ್ತದಲ್ಲ, ಅದರ ಪಕ್ಕ ಅಲ್ಯೂಮಿನಿಯಂ ಬ್ಲಾಕ್ ಇಡಬೇಡಿ. ಸಿಡಿದ ಹನಿ ಬಿದ್ದ ಕಡೆ ತಾಮ್ರ ಕೂತು ಅಲ್ಯೂಮಿನಿಯಂ ಗುಂಡಿ ಬೀಳುತ್ತದೆ. ಡೆಕ್ಕಿನ ಮೇಲೆ ಬಿದ್ದರೆ ಗ್ಯಾಸ್ಕೆಟ್ ಕೂರುವುದಿಲ್ಲ.

ಯಾವ ಲೈನರ್ ಹಾಕಿದರೂ ಹೋನಿಂಗ್ ಮಾಡುವಾಗ ಡೆಕ್ಕಿನ ಮೇಲೆ ಹೆಡ್ಡಿನ ಬದಲಿಗೆ ದಪ್ಪ ಲೋಹದ ಟಾರ್ಕ್ ಪ್ಲೇಟ್ ಬಿಗಿದಿರಲಿ. ಹೆಡ್ ಬೋಲ್ಟ್ ಬಿಗಿದಾಗ ಅಲ್ಯೂಮಿನಿಯಂ ಬ್ಲಾಕ್ ಸೊಟ್ಟಗಾಗುತ್ತದೆ, ಬೋರು ಉರುಟು ಕಳೆದುಕೊಳ್ಳುತ್ತದೆ. ಬರಿ ಬ್ಲಾಕಿನಲ್ಲಿ ಉರುಟಾಗಿದ್ದ ಬೋರು ಹೆಡ್ ಹಾಕಿದ ಮೇಲೆ ಉರುಟಾಗಿ ಇರುವುದಿಲ್ಲ. ದಪ್ಪ ಪ್ಲೇಟಿಗೆ, ನಾಲ್ಕು ತೂತಿಗೆ ಆಗುವ ಖರ್ಚನ್ನು ಉಳಿಸಲು ಹೋಗಿ ಎಣ್ಣೆ ಹೊಗೆ ಬಿಡುವ ಎಂಜಿನ್ ಕಟ್ಟಿದವರನ್ನು ಸುಮಾರು ಜನ ನೋಡಿದ್ದೇನೆ.

ದುಡ್ಡಿನ ವಿಷಯ, ಮತ್ತು ಆ ಮೂವರು

ಬೆಲೆ ತಿಂಗಳಿಗೊಂದು ತರಹ ಇರುವುದರಿಂದ ರೂಪಾಯಿ ಲೆಕ್ಕ ಬರೆಯುವುದಿಲ್ಲ. ಕ್ರಮ ಮಾತ್ರ ಹೇಳುತ್ತೇನೆ. ಎಲ್ಲಕ್ಕಿಂತ ಕಡಿಮೆ ಬೀಳುವುದು ಸೆಮಿ ಫಿನಿಶ್ ಬೀಡಿನ ಡ್ರೈ ಲೈನರ್. ವೆಟ್ ಲೈನರ್ ಒಂದೊಂದಕ್ಕೆ ಬೆಲೆ ಜಾಸ್ತಿ, ಆದರೆ ಎರಕದ ಕೆಲಸದಲ್ಲಿ ಮತ್ತು ಮುಂದಿನ ರಿಪೇರಿಯಲ್ಲಿ ವಾಪಸ್ ಬರುತ್ತದೆ. ಕಾಲರಿನ ಎಸ್‌ಜಿ ಹಾಕುವವರು ಲೈನರಿಗಿಂತ ಬ್ಲಾಕಿನ ಸಿಎನ್‌ಸಿ ಕೆಲಸಕ್ಕೇ ಹೆಚ್ಚು ಕೊಡುತ್ತಾರೆ. ನಿಕಾಸಿಲ್ ಎಲ್ಲಕ್ಕಿಂತ ಮೇಲೆ. ಅದರ ಖರ್ಚು ಒಂದು ಸಲಕ್ಕೆ ಮುಗಿಯುವುದೂ ಇಲ್ಲ.

ತೀರ್ಥಹಳ್ಳಿಯವನಿಗೆ ನಾನು ಕೇಳಿದ್ದು ಟರ್ಬೊ ಎಷ್ಟು ಒತ್ತಡಕ್ಕೆ ಎಂದು. ಮೆಲ್ಲಗೆ ಶುರು ಮಾಡುತ್ತೇನೆ ಅಂದ. ಹಾಗಾದರೆ ಕಾರ್ಖಾನೆಯ ಲೈನರನ್ನೇ ಇಟ್ಟುಕೊ, ಟಾರ್ಕ್ ಪ್ಲೇಟ್ ಹಾಕಿ ಹೋನ್ ಮಾಡಿಸು, ಆ ದುಡ್ಡನ್ನು ರೇಡಿಯೇಟರಿಗೆ ಹಾಕು ಅಂದೆ. ಒತ್ತಡ ಏರಿಸುವ ಆಸೆ ಬಂದ ದಿನ ಹಳೆಯ ಲೈನರ್ ಕೊರೆದು ತೆಗೆದು ಕಾಲರಿನ ಎಸ್‌ಜಿ ಹಾಕಬಹುದು. ಅದಕ್ಕೂ ಮುಂಚೆ ಅಲ್ಟ್ರಾಸೋನಿಕ್ ಗೇಜಿನಲ್ಲಿ ಬ್ಲಾಕಿನ ಗೋಡೆ ಅಳೆಯಬೇಕು. ಇಲ್ಲದಿದ್ದರೆ ಕೊರೆಯುವಾಗ ನೀರಿನ ಜಾಗಕ್ಕೇ ತೂತು. ಅವನ ಮುಖ ಸ್ವಲ್ಪ ಸಪ್ಪಗಾಯಿತು, ಹೊಸದೇನಾದರೂ ಹಾಕಿಸುತ್ತಾನೆ ಈ ಅಣ್ಣ ಅಂದುಕೊಂಡಿದ್ದ.

ಕಾಲೇಜಿನ ಮಕ್ಕಳಿಗೆ ವೆಟ್ ಲೈನರ್. ಎರಡು ಸಿಲಿಂಡರು, ಟರ್ಬೊ ಇಲ್ಲ, ಎರಕ ಇದೇ ಮೊದಲು. ಅಂತರ ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು, ಯಾಕೆಂದರೆ ಕ್ರ್ಯಾಂಕೂ ಅವರದ್ದೇ. ಒಂದು ಲೈನರ್ ಹಾಳಾದರೂ ಬ್ಲಾಕ್ ಉಳಿಯುತ್ತದೆ. ಕೂಲಂಟ್ ಡಬ್ಬಿಯನ್ನು ಅವರ ಬಜೆಟ್ಟಿನಲ್ಲಿ ನಾನೇ ಬರೆಸಿದೆ.

ಸಾಗರದವನದ್ದು ಸ್ವಲ್ಪ ಜಗ್ಗಾಟವಾಯಿತು. ನಿಕಾಸಿಲ್ ಬಿಟ್ಟು ಬೇರೆ ಮಾತೇ ಬೇಡ ಅನ್ನುತ್ತಿದ್ದ. ವರ್ಷಕ್ಕೆ ಎಷ್ಟು ಸಲ ಓಡಿಸುತ್ತೀಯ, ಮಧ್ಯೆ ಕೆಟ್ಟರೆ ಎಷ್ಟು ದಿನ ಕಾಯುತ್ತೀಯ ಎಂದು ಕೇಳಿದೆ. ಉತ್ತರ ಕೊಡಲಿಲ್ಲ, ಕಾಫಿ ಕುಡಿದು ಹೋದ. ಮೊನ್ನೆ ಮತ್ತೆ ಬಂದಿದ್ದ, ಡ್ರಾಯಿಂಗ್ ತಿದ್ದಿಕೊಂಡು. ಬೋರು 82ರಿಂದ 79ಕ್ಕೆ ಇಳಿಸಿದ್ದಾನೆ, ಬೀಡಿನ ಡ್ರೈ ಲೈನರಿಗೆ ಎರಡೂವರೆ ಮಿ.ಮೀ. ಗೋಡೆ, ಕೆಳಗೆ ಸ್ಟೆಪ್, ಮಧ್ಯೆ ಸರಿಯಾಗಿ 6 ಮಿ.ಮೀ. ಅಲ್ಯೂಮಿನಿಯಂ. "ಸಿಸಿ ಏಳು ಪರ್ಸೆಂಟ್ ಹೋಯ್ತು ಅಣ್ಣ" ಎಂದು ಬೇಜಾರು ಮಾಡಿಕೊಂಡ. ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಟರ್ಬೊ ಎಂದು ಬರೆದು ಅಳಿಸಿದ ಗುರುತು ಇತ್ತು. ನಾನು ಕೇಳಲಿಲ್ಲ.